ಕಾಲುವೆ ಬಂದ್ ಆಗುವುದರೊಳಗೆ

ಎಂ.ಎ. ಓದುವಾಗ ನಾನು ಬರೆದ ಕಿರುಪ್ರಬಂಧ ದೀರ್ಘ ಯುದ್ಧಗಳ ಬಗ್ಗೆ ಇತ್ತು. ಎರಡು ಸೈನ್ಯಗಳು ಗೆಲ್ಲಲೂ ಆಗದೆ ಹಿಂದೆ ಸರಿಯಲೂ ಆಗದೆ ವರ್ಷಗಟ್ಟಲೆ ಎದುರುಬದುರು ಕೂತಾಗ, ಎದುರಾಳಿಯ ನೆಲ ಹಿಡಿಯುವುದಕ್ಕಿಂತ ಅವನ ಜನ, ಗುಂಡು, ಸಹನೆಯನ್ನು ಸವೆಸುವುದೇ ಗುರಿಯಾಗುತ್ತದೆ. ಯಾರಿಗೆ ಹೊರದೇಶಗಳಿಂದ ಮದ್ದುಗುಂಡು ಬರುತ್ತಿರುತ್ತದೋ ಅವರು ಹೆಚ್ಚು ದಿನ ತಾಳುತ್ತಾರೆ. ಇದನ್ನು ನಾನು ನಾಲ್ಕು ಅಧ್ಯಾಯಗಳಲ್ಲಿ, ಅಡಿಟಿಪ್ಪಣಿಗಳ ಸಮೇತ ಬರೆದಿದ್ದೆ. ಮಾರ್ಗದರ್ಶಕರು ಮತ್ತು ಪರೀಕ್ಷಕರನ್ನು ಬಿಟ್ಟರೆ ಅದನ್ನು ಬೇರೆ ಯಾರೂ ಓದಿಲ್ಲ. ಈಗ ಯಲಬುರ್ಗಾದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅವ್ವನ ಜೊತೆ ಕೊಪ್ಪಳದಲ್ಲಿರುತ್ತೇನೆ, ದಿನಾ ಕುಕನೂರಿನ ಮೂಲಕ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಾನು ಏನು ಓದಿದ್ದೇನೆ ಎಂದು ನಮ್ಮ ಬಂಧುಬಳಗದಲ್ಲಿ ಯಾರಾದರೂ ಕೇಳಿದ್ದು ಸೋದರಮಾವನ ಮಗ ಯುದ್ಧದಲ್ಲಿ ಸಿಕ್ಕಿಕೊಂಡ ಮೇಲೆಯೇ.

ಅವನು ಗಿಣಿಗೇರಾದ ಹತ್ತಿರದ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ವಿದೇಶದಲ್ಲಿ ಗೋದಾಮಿನ ಕೆಲಸ ಇದೆ, ಸಾಮಾನು ಇಳಿಸುವುದು, ಏರಿಸುವುದು, ಅಷ್ಟೇ ಎಂದು ಏಜೆಂಟನೊಬ್ಬ ಹೇಳಿದ್ದ. ಹೋದ ಮೇಲೆ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಗೋದಾಮು ಇದ್ದದ್ದು ನಿಜ. ಅದು ಸೈನ್ಯದ್ದು. ಇಳಿಸುವ, ಏರಿಸುವ ಸಾಮಾನು ಫಿರಂಗಿಯ ಗುಂಡುಗಳು. ಆ ದೇಶದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರೂ ‘ಅಲ್ಲಿ’ ಎನ್ನುತ್ತೇವೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಅವನಿಗೂ ನನಗೂ ಮದುವೆ ಎಂದು ಹಿರಿಯರು ನಾವು ಸಣ್ಣವರಿದ್ದಾಗಿನಿಂದ ಆಡಿಕೊಂಡಿದ್ದರು. ಎಂ.ಎ. ಮುಗಿದ ವರ್ಷ ನಾನು ಬೇಡ ಎಂದೆ. ಅವನೂ ನಕ್ಕು ಸುಮ್ಮನಾದ. ಅದಕ್ಕೂ ಅವನು ಹೋದದ್ದಕ್ಕೂ ಸಂಬಂಧವಿಲ್ಲ, ನಡುವೆ ಎರಡು ವರ್ಷ ಕಳೆದಿದ್ದವು. ಆದರೆ ಮರಳಿ ಎಂಬ ಹಳ್ಳಿಯಲ್ಲಿ ಮಾಮನ ಮನೆಯ ಕಟ್ಟೆಗೆ ಬಂದು ಕೂಡುವ ನೆರೆಮನೆಯ ಮುದುಕನ ಪ್ರಕಾರ ಸಂಬಂಧ ಇತ್ತು. ನಾನು ಬಸ್ಸಿಳಿದು ಬರುವುದನ್ನು ಕಂಡ ಕೂಡಲೇ, “ಲಡಾಯಿ ಅಕ್ಕೋರು ಬಂದ್ರು, ಸರಿದು ಕುಂದರ್ರಿ,” ಎನ್ನುತ್ತಿದ್ದ. “ಲಗ್ನ ಬ್ಯಾಡ, ಲಡಾಯಿ ಓದ್ತೀನಿ ಅಂದಾಕಿ. ಈಗ ಲಡಾಯಿನ ಮನೀಗೆ ಬಂತು ನೋಡ್ರಿ.” ಮಾಮ ಅವನನ್ನು ಗದರುತ್ತಿದ್ದರು.

ಆ ಚಳಿಗಾಲದಲ್ಲಿ ಬಹುತೇಕ ಪ್ರತಿ ಭಾನುವಾರ ನಾನು ಮರಳಿಗೆ ಹೋದೆ. ಅವನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಫೋನ್ ಮಾಡುತ್ತಿದ್ದ, ಹೆಚ್ಚಾಗಿ ಭಾನುವಾರ ಮಧ್ಯಾಹ್ನವೇ. ಮಾಮ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡುತ್ತಿದ್ದರು. ಅವನ ತಾಯಿ, ನನ್ನ ಅತ್ತಿ, ಹೊಸ್ತಿಲಲ್ಲಿ ಕೂಡುತ್ತಿದ್ದಳು. ಊಟದ ಬಗ್ಗೆ ಅವಳು ಕೇಳಿದರೆ, ಇಲ್ಲಿಯ ರೊಟ್ಟಿಯ ಮುಂದೆ ನಿನ್ನ ಕಟಕ ರೊಟ್ಟಿ ಬೆಣ್ಣೆ ಇದ್ದಂಗೆ ಎನ್ನುತ್ತಿದ್ದ. ಚಳಿ ಎಷ್ಟು ಎಂದರೆ ಮೀಸೆ ಮುರಿಯುತ್ತದೆ ಎನ್ನುತ್ತಿದ್ದ. ಎಲ್ಲರೂ ಒಂದು ಸುತ್ತು ಮಾತಾಡಿದ ಮೇಲೆ ನನ್ನ ಸರದಿ. ನಾನು ಅವನನ್ನು ಕೇಳುತ್ತಿದ್ದುದು ಪೆಟ್ಟಿಗೆಗಳ ಬಗ್ಗೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ. ಗೋದಾಮಿಗೆ ದಿನಕ್ಕೆ ಎಷ್ಟು ಲಾರಿ ಬರುತ್ತವೆ, ಪೆಟ್ಟಿಗೆಗಳ ಮೇಲೆ ಬರೆದಿರುವುದು ಅಲ್ಲಿಯ ಲಿಪಿಯೋ ಬೇರೆಯದೋ, ಮರ ಹೊಸದೋ ಹಳೆಯದೋ ಎಂದು ಕೇಳುತ್ತಿದ್ದೆ. ಅವನು ಕಾರ್ಖಾನೆಯಲ್ಲಿ ಕೆಲಸ ಮಾಡಿದವನು, ಸಾಮಾನನ್ನು ಗಮನಿಸುವ ಕಣ್ಣು ಇತ್ತು. ಮೊದಮೊದಲು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಬೆನ್ನು ನೆಟ್ಟಗೆ ಮಾಡಲು ಬಿಡುವಿರಲಿಲ್ಲ ಎಂದ. ಆಮೇಲೆ ದಿನಕ್ಕೊಂದು. ಜನವರಿಯ ಹೊತ್ತಿಗೆ ಎರಡು ದಿನಕ್ಕೊಂದು, ಅದರಲ್ಲೂ ಬೇರೆ ದೇಶದಿಂದ ಬಂದ ಹಳೆಯ, ತುಕ್ಕು ಹಿಡಿದ ಗುಂಡುಗಳು. ಎದುರಾಳಿ ಕಡೆಯವರಿಗೂ ಹೊರಗಿನಿಂದ ಬರುವುದು ನಿಂತಿದೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ನಾನು ಪುಸ್ತಕಗಳಲ್ಲಿ ಕಂಡಿದ್ದು ಅವನ ಮಾತಿನಲ್ಲಿ ಸರಿಯಾಗಿ ಕೂಡಿಬರುತ್ತಿತ್ತು. ನನಗೆ ಅದರಿಂದ ಒಂದು ಬಗೆಯ ಹೆಮ್ಮೆ ಆಯಿತು ಎಂಬುದೂ ನಿಜ.

ಅಂಥದೇ ಒಂದು ಭಾನುವಾರ, ಫೋನು ಇಟ್ಟ ಮೇಲೆ, ಮಾಮ ನೇರವಾಗಿ ಕೇಳಿದರು. ಎರಡನೇ ಬೆಳೆಯ ನಾಟಿ ಆಗತಾನೆ ಮುಗಿದಿತ್ತು, ಅವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

“ಯವ್ವಾ, ನೀ ಅಷ್ಟು ಕೇಳ್ತೀಯಲ್ಲ ಅವಗ. ಕೇಳಿದ್ದರಿಂದ ಏನು ತಿಳೀತು?”

ಗುಂಡು ತೀರುತ್ತಿದೆ ಎಂದೆ. ಎರಡೂ ಕಡೆ. ಹೇಗೆ ಅರ್ಥ ಮಾಡಿಸುವುದೆಂದು ಯೋಚಿಸಿ, ಮರಳಿಯಲ್ಲಿ ಯಾರಿಗಾದರೂ ತಿಳಿಯುವ ಲೆಕ್ಕ ಹೇಳಿದೆ. ಇಲ್ಲಿ ಭತ್ತ ನಿಂತಿರುವುದು ಎಡದಂಡೆ ಕಾಲುವೆಯ ನೀರಿನ ಮೇಲೆ. ಗೇಟು ದೂರದಲ್ಲಿದೆ, ಅದು ಇನ್ನೊಬ್ಬರ ಕೈಯಲ್ಲಿದೆ. ಗೇಟು ಹಾಕಿದ ದಿನವೇ ಗದ್ದೆ ಒಣಗುವುದಿಲ್ಲ. ಆದರೆ ಕೊನೆಯಂಚಿನ ಹೊಲದವನಿಗೆ ನೀರು ಇಳಿಯುವುದು ಕಾಣಿಸಿತೆಂದರೆ ಇನ್ನು ಎಷ್ಟು ದಿನ ಎಂದು ಅವನು ಹೇಳಬಲ್ಲ. ನಿಮ್ಮ ಮಗ ಈಗ ಆ ಕೊನೆಯಂಚಿನಲ್ಲಿ ನಿಂತು ನೋಡುತ್ತಿದ್ದಾನೆ ಎಂದೆ.

ಮಾಮನ ಮುಖ ಬದಲಾಯಿತು. ನಾನು ಹೇಳಿದ ಬೇರೆ ಯಾವ ಮಾತೂ ಅವರಿಗೆ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

“ಹಂಗಾರ ಯಾವಾಗ ಬಂದ್ ಆಗ್ತೈತಿ?”

“ಈ ಸಲದ ಕಾಲುವಿ ಬಂದ್ ಆಗೋದರೊಳಗ ಲಡಾಯಿ ನಿಂದರ್ತೈತಿ, ಮಾಮ.”

ಕಾಲುವೆಗೆ ನೀರು ನಿಲ್ಲುವುದು ಏಪ್ರಿಲಿನ ಹೊತ್ತಿಗೆ. ಅಷ್ಟು ಖಚಿತವಾಗಿ ಏಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತರಗತಿಯಲ್ಲಿ ನಾನು ಹಾಗೆ ಮಾತಾಡುವವಳಲ್ಲ. ಅತ್ತಿ ಹೊಸ್ತಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ಮನೆಗೆ ನಾನು ಒಮ್ಮೆ ಒಲ್ಲೆ ಎಂದಿದ್ದೆ. ಏನಾದರೂ ಒಂದನ್ನು ಕೊಡಬೇಕು ಎನಿಸಿತ್ತೋ ಏನೋ. ಮುದುಕ ಮಾತ್ರ, “ಕಾಲುವಿ ನೀರಿನ ದಿನಾನ ಸರಕಾರದವರಿಗೆ ಸರಿಯಾಗಿ ಹೇಳಾಕ ಬರಂಗಿಲ್ಲ, ಈಕಿ ಲಡಾಯಿ ದಿನಾ ಹೇಳ್ತಾಳ,” ಎಂದು ನಕ್ಕು ಎದ್ದು ಹೋದ.

ಫೆಬ್ರವರಿಯ ಎರಡನೇ ವಾರದ ನಂತರ ಫೋನು ಬರಲಿಲ್ಲ. ಮಾರ್ಚಿನಲ್ಲೂ ಬರಲಿಲ್ಲ, ಮಾಮ ಮಾಡಿದರೂ ಸಿಗಲಿಲ್ಲ. ಮಾಮ ತಹಶೀಲ್ದಾರರ ಕಚೇರಿಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟರು. ಅರ್ಜಿಗಳನ್ನೆಲ್ಲ ನಾನೇ ಬರೆದೆ. ಏಪ್ರಿಲಿನಲ್ಲಿ ಕಾಲುವೆಗೆ ನೀರು ನಿಂತಿತು. ಕಾಲುವೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡತೊಡಗಿದರು. ಅದೇ ವಾರದ ಪತ್ರಿಕೆಯಲ್ಲಿ, ಬೇರೆ ಬೇರೆ ದೇಶಗಳಿಂದ ಎರಡೂ ಕಡೆಗೆ ಹೊಸದಾಗಿ ಮದ್ದುಗುಂಡು ಬರುತ್ತಿದೆ, ಯುದ್ಧ ಇನ್ನೂ ಬಹಳ ಕಾಲ ನಡೆಯುತ್ತದೆ ಎಂದಿತ್ತು. ನಾನು ಆ ಪತ್ರಿಕೆಯನ್ನು ಮಡಚಿ ಬಸ್ಸಿನ ಸೀಟಿನ ಮೇಲೇ ಬಿಟ್ಟು ಇಳಿದೆ. ಮುಂದಿನ ಭಾನುವಾರ ಮರಳಿಗೆ ಹೋದಾಗ ಮಾಮ ಕಾಲುವೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮುದುಕನೂ ಎತ್ತಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಜುಲೈನಲ್ಲಿ ಕಾಲೇಜಿನಲ್ಲಿ ಕುಷ್ಟಗಿ ಕಡೆಯ ಒಬ್ಬ ವಿದ್ಯಾರ್ಥಿನಿ ತರಗತಿ ಮುಗಿದ ಮೇಲೆ ಹಿಂದೆ ಉಳಿದಳು. ಅವಳ ಮನೆಯ ಓಣಿಯಲ್ಲಿ ಒಬ್ಬ ‘ಅಲ್ಲಿಂದ’ ತಿರುಗಿ ಬಂದಿದ್ದಾನೆ, ಯಾರ ಜೊತೆಗೂ ಮಾತಾಡುವುದಿಲ್ಲ ಎಂದಳು. ನಮ್ಮ ಮನೆಯ ಸಂಗತಿ ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ಮಾಮನಿಗೂ ಹೇಳದೆ, ಆ ಶನಿವಾರ ಕುಷ್ಟಗಿಗೆ ಹೋದೆ.

ಅವನಿಗೆ ಮೂವತ್ತರ ಆಸುಪಾಸು. ಬಸ್ ನಿಲ್ದಾಣದ ಹತ್ತಿರ ಅಣ್ಣನ ಟೈರ್ ರಿಪೇರಿ ಅಂಗಡಿಯಲ್ಲಿ ಕೂತಿದ್ದ. ನಾನು ಯಾರೆಂದು ಹೇಳಿ ಸೋದರಮಾವನ ಮಗನ ಹೆಸರು ತೆಗೆದಾಗ, ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟ.

“ಓದಿದಾಕಿ ಒಬ್ಬಾಕಿ ಅದಾಳ ಅಂತಿದ್ದ. ನೀವ ಏನ್ರಿ ಅಕ್ಕಾರ?”

ನಾನೇ ಎಂದೆ. ಅವನು ಒಳಗೆ ಕರೆದು ಸ್ಟೂಲು ಕೊಟ್ಟ. ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಗೋದಾಮಿನಲ್ಲಿ ನಮ್ಮ ದೇಶದವರು ನಾಲ್ವರು ಇದ್ದರು. ಇವನು, ನಮ್ಮವನು, ಮತ್ತೆ ಬೇರೆ ರಾಜ್ಯದ ಇಬ್ಬರು. ಖಾಲಿ ಪೆಟ್ಟಿಗೆಗಳನ್ನು ನಗರಕ್ಕೆ ಒಯ್ಯುವ ಲಾರಿಯ ಡ್ರೈವರ್ ಇವರ ಮೇಲೆ ಕರುಣೆಪಟ್ಟು, ಪೆಟ್ಟಿಗೆಗಳ ಹಿಂದೆ ಕೂರಿಸಿಕೊಂಡು ಹೋಗಲು ಒಪ್ಪಿದ. ನಗರ ತಲುಪಿದರೆ ಅಲ್ಲಿಂದ ರಾಯಭಾರ ಕಚೇರಿಗೆ ಹೇಗಾದರೂ ಹೋಗಬಹುದಿತ್ತು. ದಾರಿಯಲ್ಲಿ ಸಿಕ್ಕಿಬಿದ್ದರೆ ಜೈಲು. ನಾಲ್ವರೂ ಹೋಗುವುದೆಂದು ಮಾತಾಗಿತ್ತು. ಹಿಂದಿನ ದಿನ ಊರಿನಿಂದ ಫೋನು ಬಂದ ಮೇಲೆ ನಮ್ಮವನು ಒಲ್ಲೆ ಎಂದ.

“ಅವರಪ್ಪ ಫೋನ್ ಮಾಡಿದ್ದರ್ರಿ. ಕಾಲುವಿ ಬಂದ್ ಆಗೋದರೊಳಗ ಲಡಾಯಿ ಮುಗೀತೈತಿ, ನಮ್ಮ ಹುಡುಗಿ ಲೆಕ್ಕಾ ಹಾಕಿ ಹೇಳ್ಯಾಳ, ಹುಚ್ಚು ಧೈರ್ಯಾ ಮಾಡಬ್ಯಾಡ ಅಂದ್ರಂತ. ನಾವು ನಕ್ವಿ. ಇಲ್ಲಿ ಕುಂತು ಕಾಲುವಿ ಮಾತಾಡ್ತೀಯಲ್ಲೋ ಅಂದ್ವಿ. ಆಂವ ಕೇಳಲಿಲ್ಲ. ಎರಡು ತಿಂಗಳು ತಡಕೊಂಡ್ರ ಕಾಗದಪತ್ರ ಸಮೇತ ಮರ್ಯಾದಿಲೆ ಹೋಗ್ತೀನಿ ಅಂದ. ಆಕಿ ಸುಮ್ಮನ ಮಾತಾಡೋ ಪೈಕಿ ಅಲ್ಲ ಅಂದ.”

ನಾನು ಕೇಳಬೇಕಾದ್ದನ್ನು ಕೇಳಿದೆ. ಲಾರಿಗಳು ಕಡಿಮೆಯಾಗಿದ್ದವಲ್ಲ, ಗುಂಡು ತೀರಿದ್ದು ಸುಳ್ಳೇ ಎಂದು.

“ತೀರಿದ್ದು ಖರೇರಿ. ಗುಂಡು ಬರೂತನಾ ನಮ್ಮನ್ನ ಹಿಂದ ಇಟ್ಟಿದ್ರು, ಹೊರಾಕ ಬೇಕಿದ್ವಿ. ಬರೋದು ನಿಂತ ಮ್ಯಾಲ ಹೊರೋರು ಯಾಕ ಬೇಕು? ಉಳಿದೋರಿಗೆಲ್ಲ ಬಂದೂಕು ಕೊಟ್ಟು ಮುಂದ ಕಳಿಸಿದ್ರು. ಹೊಸಾ ಗುಂಡು ಬರೂತನಾ ಜಾಗಾ ಹಿಡಕೊಂಡು ಕುಂದರಾಕ ಮಂದಿ ಬೇಕಲ್ಲ.”

ನಾನು ಓದಿದ ಪುಸ್ತಕಗಳಲ್ಲಿ ಇದು ಇರಲಿಲ್ಲವೆಂದಲ್ಲ. ಇತ್ತು. ಗುಂಡಿನ ಕೊರತೆಯನ್ನು ಜನರಿಂದ ತುಂಬಿಸುತ್ತಾರೆ ಎಂಬ ವಾಕ್ಯವನ್ನು ನಾನೇ ಮೂರನೇ ಅಧ್ಯಾಯದಲ್ಲಿ ಬರೆದಿದ್ದೆ. ನೀರು ನಿಂತರೆ ಬೆಳೆ ನಿಲ್ಲುತ್ತದೆ. ಯುದ್ಧ ಹಾಗಲ್ಲ. ಮಾಮನಿಗೆ ತಿಳಿಯಲೆಂದು ಹುಡುಕಿದ ಹೋಲಿಕೆಯನ್ನು ನಾನೇ ನಂಬಿಬಿಟ್ಟಿದ್ದೆ. ಲಾರಿಗಳು ಕಡಿಮೆಯಾದವು ಎಂದು ನಮ್ಮವನು ಫೋನಿನಲ್ಲಿ ಹೇಳಿದಾಗ ನಾನು ಹೇಳಬೇಕಿದ್ದ ಮಾತು ಒಂದೇ ಇತ್ತು, ಅಲ್ಲಿಂದ ಹೊರಡು ಎಂದು.

ಕೊನೆಗೆ ಕುಷ್ಟಗಿಯವನು ಇನ್ನೂ ಒಂದನ್ನು ಹೇಳಿದ. ಇವರು ಮೂವರೂ ನಗರ ಸೇರಿದ ಮೂರು ವಾರಗಳ ಮೇಲೆ ಅದೇ ಡ್ರೈವರ್ ಫೋನ್ ಮಾಡಿದ್ದನಂತೆ. ಗೋದಾಮಿನಿಂದ ಮುಂದಕ್ಕೆ ಹೋದವರನ್ನೆಲ್ಲ ಒಂದು ಮರಗಳ ಸಾಲಿನ ಹತ್ತಿರ ಕೂರಿಸಿದ್ದರು, ಆ ಸಾಲಿನ ಮೇಲೆ ಇಡೀ ದಿನ ಗುಂಡು ಬಿದ್ದವು, ಅಲ್ಲಿಂದ ಯಾರೂ ಎದ್ದು ಬರಲಿಲ್ಲ ಎಂದಿದ್ದನಂತೆ. ಯಾರೂ ಎಂದರೆ ಯಾರೂ ಎಂದೇ ಅರ್ಥವೇ ಎಂದು ಕೇಳಿದೆ. ಅವನು ನನ್ನನ್ನು ನೋಡದೆ, ಚಹಾ ತರಿಸಲೇ ಎಂದು ಕೇಳಿದ.

ಮರುದಿನ ಭಾನುವಾರ. ಮರಳಿಗೆ ಹೋದೆ. ಮುದುಕ ಇರಲಿಲ್ಲ. ಮಾಮ, ಅತ್ತಿ, ನಾನು, ಮೂವರೇ. ಕುಷ್ಟಗಿಯವನನ್ನು ನೋಡಿ ಬಂದೆ ಎಂದು ಹೇಳಿ ಲಾರಿಯ ಸಂಗತಿ ತೆಗೆದೆ. ಮಾಮನಿಗೆ ಒಂದೇ ಕ್ಷಣದಲ್ಲಿ ತಿಳಿದುಹೋಯಿತು, ಆ ಫೋನು ಮಾಡಿದವರು ಅವರೇ. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅತ್ತಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಅವರು ಮೂರೂ ಮಂದಿ ಬಂದ್ರಾ?”

“ಬಂದ್ರು ಅತ್ತಿ.”

“ಗಾಡಿಯೊಳಗ ನಾಕನೇದಾಂವಗ ಜಾಗಾ ಇತ್ತಾ?”

“ಇತ್ತು.”

ನನ್ನ ಮಾತು ಕೇಳಿಯೇ ಉಳಿದ ಎಂದೆ. ಇದನ್ನು ಹೇಳಲೆಂದೇ ಬಂದಿದ್ದೆ, ಹೇಳಿದೆ. ಮಾಮ ತಿರುಗಿ, ಆಕೆ ಹೇಳಿದ್ದು ತನಗೆ, ಅವನಿಗೆ ಹೇಳಿದವನು ತಾನು ಎಂದರು. ಅತ್ತಿ ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟಳು.

“ಅದಿರಲಿ. ಅಂವ ಈಗ ಅದಾನೋ ಇಲ್ಲೋ? ನೀ ಎಲ್ಲಾ ಕೇಳಿಕೊಂಡು ಬಂದಿ. ಹೇಳು.”

ಡ್ರೈವರನ ಮಾತು ನನ್ನ ಬಾಯಲ್ಲಿತ್ತು. ಗೊತ್ತಿಲ್ಲ ಎಂದೆ.

ಒಮ್ಮೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದವಳು ಈಗ ಎಚ್ಚರಿಕೆಯಿಂದ ಮಾತಾಡುತ್ತಿದ್ದೇನೆ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಣ್ಣಾರೆ ಕಂಡವರಿಲ್ಲ, ಡ್ರೈವರ್ ಹೇಳಿದ್ದು ಯಾರಿಂದಲೋ ಕೇಳಿದ್ದು, ಹೀಗೆಲ್ಲ. ಗಿಣಿಗೇರಾ ದಾಟುವ ಹೊತ್ತಿಗೆ ಆ ಸಮಾಧಾನ ಉಳಿದಿರಲಿಲ್ಲ. ಅವನಿಲ್ಲ ಎಂದು ನಾನು ನಂಬಿದ್ದೆ. ಅತ್ತಿ ಕೇಳಿದ್ದೂ ನಾನು ಏನು ನಂಬಿದ್ದೇನೆ ಎಂದೇ.

ಹತ್ತು ದಿನ ಕಳೆದು ಪೊಲೀಸ್ ಠಾಣೆಯಿಂದ ಒಬ್ಬರು ಮರಳಿಗೆ ಬಂದರು. ಅಲ್ಲಿ ಗುರುತು ಸಿಗದ ಹೆಣಗಳಿವೆ, ಕಾಣೆಯಾದವರ ತಂದೆ ತಾಯಿಯ ರಕ್ತ ತೆಗೆದು ಕಳಿಸಿದರೆ ಹೊಂದಿಸಿ ನೋಡುತ್ತಾರೆ, ಜಿಲ್ಲಾ ಆಸ್ಪತ್ರೆಗೆ ಬರಬೇಕು ಎಂದು ಹೇಳಿ ಕಾಗದ ಕೊಟ್ಟು ಹೋದರು. ನಾನು ಕಾಲೇಜಿನಲ್ಲಿದ್ದಾಗ ಮಾಮನ ಫೋನು ಬಂತು.

“ನಿಮ್ಮ ಅತ್ತಿ ಒಲ್ಲೆ ಅಂತಾಳ. ತಾನೂ ಕೊಡಂಗಿಲ್ಲ, ನನಗೂ ಕೊಡಗೊಡಂಗಿಲ್ಲ. ಓದಿದಾಕಿನ ಗೊತ್ತಿಲ್ಲ ಅಂದಾಳ, ಹೆಣಕ್ಕ ಹೊಂದಸಾಕ ನಾ ಯಾಕ ರಕ್ತ ಕೊಡಲಿ, ಕೊಟ್ರ ನಾನ ಅವನ್ನ ಕೊಂದಂಗ ಅಂತಾಳ. ಕಾಗದಾ ಒಲ್ಯಾಗ ಹಾಕಾಕ ಹೋಗಿದ್ಲು, ಕಸಗೊಂಡೆ.”

ನಾನು ಏನು ಮಾಡಲಿ ಎಂದು ಕೇಳಿದೆ. ಆ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ಮನೆಯಲ್ಲಿ ಮಾತಾಡಲಾಗದೆ ರಸ್ತೆಗೆ ಬಂದು ಫೋನ್ ಮಾಡಿದ್ದರು.

“ಕುಷ್ಟಗಿಯಾಂವ ನಿನಗ ಇನ್ನೂ ಏನರ ಹೇಳ್ಯಾನಲ್ಲ, ಯವ್ವಾ?”

ಹೌದು ಎಂದೆ. ಏನೆಂದು ಅವರು ಕೇಳಲಿಲ್ಲ. ಬಾ ಎಂದರು.

ಭಾನುವಾರದವರೆಗೆ ಕಾಯದೆ ಮರುದಿನವೇ ರಜೆ ಹಾಕಿ ಹೋದೆ. ಅತ್ತಿ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ನನ್ನನ್ನು ಕಂಡು, ಏನು ಹೇಳಲು ಬಂದಿದ್ದೇನೆಂದು ಅವಳಿಗೆ ತಿಳಿಯಿತು ಎನಿಸುತ್ತದೆ, ತಲೆ ಎತ್ತದೆ ಒಡೆಯುತ್ತಲೇ ಇದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ಗೋದಾಮಿನಿಂದ ಮುಂದಕ್ಕೆ ಕಳಿಸಿದ್ದು, ಮರಗಳ ಸಾಲು, ಡ್ರೈವರನ ಫೋನು, ಎಲ್ಲವನ್ನೂ ಕುಷ್ಟಗಿಯವನು ಹೇಳಿದ ಕ್ರಮದಲ್ಲೇ ಹೇಳಿದೆ. ಏನನ್ನೂ ಸೇರಿಸಲಿಲ್ಲ, ಯಾವುದಕ್ಕೂ ಹೋಲಿಸಲಿಲ್ಲ. ಕೊನೆಗೆ ಹೇಳಿದೆ:

“ಅತ್ತಿ, ಅಂವ ಇಲ್ಲ ಅಂತ ನನಗ ಅನಸ್ತೈತಿ. ಅವತ್ತೂ ಅನಿಸಿತ್ತು. ಹೇಳಲಿಲ್ಲ.”

ಅವಳ ಕೈ ನಿಂತಿತು. ಮಡಿಲಿನ ಸಿಪ್ಪೆಯನ್ನು ಕೊಡವಿಕೊಂಡಳು. ಅಳಲಿಲ್ಲ. ಮಾಮ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು.

“ನೀ ಗೊತ್ತಿಲ್ಲ ಅಂದ ಮ್ಯಾಲ ಹನ್ನೊಂದು ದಿನಾ ನಾ ದಿನಾ ಒಂದು ಹೆಚ್ಚಿನ ರೊಟ್ಟಿ ಬಡದೀನಿ,” ಎಂದಳು. “ಹನ್ನೊಂದು ದಿನಾ.” ಆಮೇಲೆ, “ನಿನ್ನ ಮ್ಯಾಲ ಸಿಟ್ಟು ಇಲ್ಲ ಅಂತ ನಾ ಅನ್ನಂಗಿಲ್ಲ. ಐತಿ. ಅದು ಇರತೈತಿ.”

ನಾನು ಹೂಂ ಎಂದೆ. ಅವಳು ಎದ್ದು ಒಳಗೆ ಹೋದಳು. ಅಳು ಆಗ ಕೇಳಿಸಿತು, ಅದು ಬಹಳ ಹೊತ್ತು ಇತ್ತು. ಮಾಮ ಒಳಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಅವಳು ಬಿಟ್ಟುಹೋದ ಶೇಂಗಾ ಒಡೆಯತೊಡಗಿದರು.

ಮಂಗಳವಾರ ಇಬ್ಬರೂ ಕೊಪ್ಪಳಕ್ಕೆ ಬಂದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದೆ. ಅತ್ತಿ ನನ್ನ ಜೊತೆ ಮಾತಾಡಲಿಲ್ಲ. ರಕ್ತ ತೆಗೆಯುವ ಕೋಣೆಯಲ್ಲಿ ಯಾರು ಮೊದಲು ಎಂದು ಕೇಳಿದಾಗ ಮಾಮನನ್ನು ಸರಿಸಿ ತಾನೇ ಕುರ್ಚಿಯ ಮೇಲೆ ಕೂತಳು. ಬಳೆಗಳನ್ನು ಮೊಣಕೈಯ ಕಡೆಗೆ ಏರಿಸಿಕೊಂಡು ತೋಳು ಚಾಚಿದಳು. ಸೂಜಿ ಹಾಕುವವಳು ಬೇರೆ ಕಡೆ ನೋಡಿರಿ ಅಮ್ಮಾ ಎಂದಳು. ಅತ್ತಿ ನೋಡುತ್ತಲೇ ಇದ್ದಳು. ಅರ್ಜಿಯಲ್ಲಿ ಅವನ ಎತ್ತರ, ಹಳೆಯ ಗಾಯದ ಗುರುತು, ಕೊನೆಯ ಸಲ ಮಾತಾಡಿದ ದಿನ ತುಂಬಬೇಕಿತ್ತು. ನಾನು ಬರೆದೆ, ಮಾಮ ಹೇಳಿದರು. ಕೊನೆಯ ಮಾತುಕತೆ ಯಾವುದರ ಬಗ್ಗೆ ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಅಲ್ಲಿ ಯುದ್ಧ ನಡೆದೇ ಇದೆ, ಈಗ ಗುಂಡಿಗೆ ಕೊರತೆಯಿಲ್ಲವಂತೆ. ಅತ್ತಿ ಅವ್ವನಿಗೆ ಫೋನ್ ಮಾಡುತ್ತಾಳೆ, ನನ್ನನ್ನು ಕೇಳುವುದಿಲ್ಲ. ಭಾನುವಾರ ಮಾಮ ಮಾಡುತ್ತಾರೆ. ಏನಾದರೂ ತಿಳಿಯಿತೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಈಗ ಅದು ನಿಜ.